ಜೋಳದ ಡಬ್ಬಿಯಲ್ಲಿದ್ದ ಕೀಲಿಕೈ

ನಾನು ಓದುವ ಪತ್ತೇದಾರಿ ಪುಸ್ತಕಗಳಲ್ಲಿ ಬರುವ ಊರು ಬಹಳ ಸಣ್ಣದು. ಒಂದು ಗುಡ್ಡ, ಗುಡ್ಡದ ಕೆಳಗೆ ಕೆರೆ, ರೈಲು ನಿಲ್ಲುವ ಜಾಗ, ಒಂದೇ ಒಂದು ಖಾನಾವಳಿ. ಇಷ್ಟೇ. ಆದರೂ ಪುಸ್ತಕಕ್ಕೊಂದು ಕಳವು, ನಡುನಡುವೆ ಒಂದು ಹೆಣ. ನಾನು ಇಲ್ಲಿಯವರೆಗೆ ಹದಿನೇಳು ಓದಿದ್ದೇನೆ. ನ್ಯಾಯವಾಗಿ ನೋಡಿದರೆ ಇಷ್ಟು ಹೊತ್ತಿಗೆ ಆ ಊರಿನಲ್ಲಿ ಖಾನಾವಳಿ ನಡೆಸುವ ಹೆಂಗಸು ಮತ್ತು ಫೌಜದಾರ ಇಬ್ಬರೇ ಉಳಿದಿರಬೇಕು. ಬಾಕಿಯವರು ಒಂದೋ ಸತ್ತಿದ್ದಾರೆ, ಇಲ್ಲವೇ ಜೈಲಿನಲ್ಲಿದ್ದಾರೆ. ಆದರೂ ಮುಂದಿನ ಪುಸ್ತಕ ತೆಗೆದರೆ ಖಾನಾವಳಿಯಲ್ಲಿ ಕೂರಲು ಜಾಗವಿರುವುದಿಲ್ಲ. ಇಷ್ಟು ಜನ ಎಲ್ಲಿಂದ ಬರುತ್ತಾರೋ, ಯಾವ ಧೈರ್ಯದ ಮೇಲೆ ಬರುತ್ತಾರೋ.

ಕಳ್ಳರನ್ನೆಲ್ಲ ಹಿಡಿಯುವವಳು ಆ ಖಾನಾವಳಿಯ ಹೆಂಗಸೇ. ವಿಧವೆ, ನನ್ನಷ್ಟೇ ವಯಸ್ಸು. ನಲವತ್ತು ಜನಕ್ಕೆ ಅಡಿಗೆ ಮಾಡುತ್ತಾಳೆ ಎಂದು ಬರೆದಿದ್ದಾರೆ. ಆದರೆ ನೀರು ಯಾವಾಗ ತುಂಬುತ್ತಾಳೆ, ಪಾತ್ರೆ ಯಾವಾಗ ತಿಕ್ಕುತ್ತಾಳೆ ಎನ್ನುವುದು ಹದಿನೇಳರಲ್ಲಿ ಒಂದರಲ್ಲೂ ಇಲ್ಲ. ಒಗ್ಗರಣೆ ಹಾಕಿಟ್ಟು ಕಳ್ಳನ ಹಿಂದೆ ಹೋಗುತ್ತಾಳೆ, ತಿರುಗಿ ಬಂದಾಗಲೂ ಒಗ್ಗರಣೆ ಹೊತ್ತಿರುವುದಿಲ್ಲ. ಫೌಜದಾರ ದಿನಾ ಬಂದು ಚಹಾ ಕುಡಿದು ಠಾಣೆಯ ಗುಟ್ಟನ್ನೆಲ್ಲ ಅವಳಿಗೆ ಹೇಳಿ ಹೋಗುತ್ತಾನೆ. ಬರೆದವರು ಅಡಿಗೆಯನ್ನೂ ಮಾಡಿದವರಲ್ಲ, ಫೌಜದಾರರಿಗೆ ಚಹಾ ಕೊಟ್ಟವರೂ ಅಲ್ಲ ಎಂದು ನನ್ನ ಅನಿಸಿಕೆ.

ಇಷ್ಟೆಲ್ಲ ಹೇಳುವವಳು ಹದಿನೇಳು ಯಾಕೆ ಓದಿದೆ ಎಂದು ಕೇಳಬಹುದು. ಅದಕ್ಕೆ ನನ್ನ ಸೊಸೆ ಕಾರಣ. ಅದನ್ನೇ ಬರೆಯಲು ಕೂತಿದ್ದೇನೆ.

ನನ್ನ ಓದು ತವರೂರು ಭೋಜದ ಶಾಲೆಯ ಮೂರನೆಯ ಇಯತ್ತೆಗೆ ಮುಗಿಯಿತು. ಆಮೇಲೆ ಕೈಗೆ ಬೀಡಿ ಬಂತು. ಮದುವೆಯಾಗಿ ನಿಪ್ಪಾಣಿಗೆ ಬಂದ ಮೇಲೂ ಬೀಡಿಯೇ. ಹಿಂದಿನ ದಿನ ಎಲೆ ನೆನೆಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಮಾರನೆಯ ದಿನ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಮೊರ ತೊಡೆಯ ಮೇಲಿಟ್ಟುಕೊಂಡು, ತಂಬಾಕು ತುಂಬಿ, ಸುತ್ತಿ, ಬಾಯಿ ಮಡಚಿ, ದಾರ ಕಟ್ಟಬೇಕು. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು. ಕಾರ್ಖಾನೆಯಲ್ಲಿ ಒಬ್ಬ ಕೂತು ಕಟ್ಟನ್ನು ಒತ್ತಿ ನೋಡಿ, ಸಡಿಲವಿದ್ದದ್ದನ್ನು ಛಾಟ ಎಂದು ಪಕ್ಕಕ್ಕೆ ಎಸೆಯುತ್ತಾನೆ. ಛಾಟ ಎಂದರೆ ಕೆಲಸಕ್ಕೆ ಬಾರದ ಮಾಲು. ನನ್ನ ಕಟ್ಟು ಛಾಟ ಆದದ್ದು ಕಡಿಮೆ. ಇದನ್ನು ನಾನೇ ಹೇಳಿಕೊಳ್ಳಬೇಕು, ಬೇರೆಯವರು ಹೇಳುವುದಿಲ್ಲ.

ಸೊಸೆ ಬಂದದ್ದು ಮಂಗಸೂಳಿಯ ಕಡೆಯಿಂದ. ಕಬ್ಬಿನ ಗದ್ದೆಯ ಮನೆ, ಬೀಡಿ ಎಂದರೆ ಸೇದುವುದು ಎಂದಷ್ಟೇ ಗೊತ್ತಿದ್ದವರು. ಎರಡು ಸಾವಿರದ ಐದೋ ಆರೋ ಇರಬೇಕು. ಹುಡುಗಿ ಎಸ್ಸೆಸ್ಸೆಲ್ಸಿ ಪಾಸು. ರೊಟ್ಟಿ ಬಡಿದರೆ ಓಣಿಯೆಲ್ಲ ಕೇಳುತ್ತಿತ್ತು, ಅಷ್ಟು ಚೆನ್ನಾಗಿ ಬಡಿಯುತ್ತಿದ್ದಳು. ಬೀಡಿ ಮಾತ್ರ ಅವಳ ಕೈಯಲ್ಲಿ ಗಜ್ಜರಿಯಂತೆ ಆಗುತ್ತಿತ್ತು, ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ನಾನು ಕಲಿಸಿದೆ, ಬೈದೆ, ಮತ್ತೆ ಕಲಿಸಿದೆ. ಆರು ತಿಂಗಳಾದರೂ ದಿನಕ್ಕೆ ಹನ್ನೆರಡು ಕಟ್ಟಿನ ಮೇಲೆ ಹೋಗಲಿಲ್ಲ.

ಆಮೇಲೆ ಒಂದು ದಿನ ಎದುರು ಮನೆಯ ಅಕ್ಕನ ಪಡಸಾಲೆಯಲ್ಲಿ ಕೂತು ಕಟ್ಟುತ್ತೇನೆ, ಅಲ್ಲಿ ಹೆಂಗಸರ ಜೊತೆ ಕೈ ಬೇಗ ಓಡುತ್ತದೆ ಎಂದಳು. ಓಡಲಿ ಎಂದೆ. ಆ ಅಕ್ಕ ನನಗಿಂತ ಎರಡು ವರ್ಷ ದೊಡ್ಡವಳು, ಮನೆಮಾತು ಮರಾಠಿ. ಅವಳ ಪಡಸಾಲೆಯಲ್ಲಿ ಮಧ್ಯಾಹ್ನ ಐದು ಜನ ಕೂಡುತ್ತಿದ್ದರು. ನಾನು ಹೋಗುತ್ತಿರಲಿಲ್ಲ. ಮಾತಾಡುತ್ತ ಕಟ್ಟಿದರೆ ದಾರ ಸಡಿಲಾಗುತ್ತದೆ ಎನ್ನುವುದು ನನ್ನ ಮತ.

ಒಂದು ತಿಂಗಳಲ್ಲಿ ಸೊಸೆಯ ಬುಟ್ಟಿ ತುಂಬತೊಡಗಿತು. ಹನ್ನೆರಡಿದ್ದದ್ದು ಇಪ್ಪತ್ತೆರಡು ಕಟ್ಟಾಯಿತು. ನನಗೆ ಹಿಗ್ಗೋ ಹಿಗ್ಗು. ಕಾರ್ಖಾನೆಯಲ್ಲಿ ಸರದಿ ನಿಂತಾಗ ನಾಲ್ಕು ಜನಕ್ಕೆ ಕೇಳುವ ಹಾಗೆ, ಕಲಿಸುವವರು ಸರಿಯಿದ್ದರೆ ಕಬ್ಬಿನ ಕೈಯೂ ಬೀಡಿ ಕಟ್ಟುತ್ತದೆ ಎಂದೆ. ಎದುರು ಮನೆಯ ಅಕ್ಕ ಮುಂದೆಯೇ ನಿಂತಿದ್ದಳು. ಹೌದು ಹೌದು ಎಂದು ತಲೆಯಾಡಿಸಿದಳು. ಆ ತಲೆಯಾಡಿಸಿದ ರೀತಿಯಲ್ಲೇ ನನಗೆ ತಿಳಿಯಬೇಕಿತ್ತು.

ಒಂದು ಸಂಜೆ ಕಟ್ಟುಗಳನ್ನು ಬುಟ್ಟಿಗೆ ಜೋಡಿಸುತ್ತ ಕೂತಿದ್ದೆ. ಒಂದು ಕಟ್ಟಿನ ದಾರ ಎಡಗಡೆಗೆ ಸುತ್ತಿತ್ತು. ನಮ್ಮ ಓಣಿಯಲ್ಲಿ ಎಡಗೈಯಿಂದ ದಾರ ಸುತ್ತುವವಳು ಒಬ್ಬಳೇ, ಅವಳು ನನ್ನ ಸೊಸೆಯಲ್ಲ. ಎಲ್ಲ ಕಟ್ಟುಗಳನ್ನೂ ನೆಲದ ಮೇಲೆ ಹರವಿದೆ. ಬೀಡಿ ಕಟ್ಟುವವರ ಕೈ, ಹಾಡುವವರ ದನಿ ಇದ್ದ ಹಾಗೆ. ಮೂಗಿನಿಂದ ಹಾಡಿದರೂ ಯಾರೆಂದು ತಿಳಿಯುತ್ತದೆ. ಬಾಯನ್ನು ಚಿವುಟಿ ಮಡಚಿದ ಎರಡು ಕಟ್ಟು ಎದುರು ಮನೆಯ ಅಕ್ಕನವು. ತಂಬಾಕು ಉಳಿಸಿ ಮೆತ್ತಗೆ ತುಂಬಿದ ಎರಡು, ಮೂಲೆಮನೆಯವಳವು. ನಾಲ್ಕು ಕಟ್ಟು ಒಂದೇ ಅಚ್ಚಿನವು, ಅಕ್ಕತಂಗಿ ಇಬ್ಬರು ಕಟ್ಟಿದ್ದು. ಎಡಗೈಯವು ಎರಡು. ಹತ್ತು ಕಟ್ಟು ಬೇರೆಯವರ ಕೈಯವು. ಉಳಿದ ಹನ್ನೆರಡು ಗಜ್ಜರಿ.

ಸೊಸೆಗೆ ಏನೂ ಹೇಳಲಿಲ್ಲ. ಮಾರನೆಯ ದಿನ ಅವಳಿಗೆ ಎಲೆ ಕೊಡುವಾಗ ಹನ್ನೆರಡು ಕಟ್ಟಿಗಾಗುವಷ್ಟೇ ಕೊಟ್ಟೆ. ಸಂಜೆ ಬುಟ್ಟಿಯಲ್ಲಿ ಇಪ್ಪತ್ತೆರಡು. ಎಲೆ ಇಲ್ಲದೆ ಬೀಡಿ ಹುಟ್ಟುವುದನ್ನು ನಾನು ಎಲ್ಲೂ ನೋಡಿಲ್ಲ. ಆಗ ನಾನು ಆ ಪುಸ್ತಕಗಳ ಹೆಸರನ್ನೂ ಕೇಳಿರಲಿಲ್ಲ. ಆದರೆ ಖಾನಾವಳಿಯ ಹೆಂಗಸು ಇದಕ್ಕಿಂತ ಚೆನ್ನಾಗಿ ಏನನ್ನೂ ಹಿಡಿದಿಲ್ಲ ಎಂದು ಈಗ ಧೈರ್ಯವಾಗಿ ಹೇಳುತ್ತೇನೆ.

ಐದು ಜನ ಹೆಂಗಸರು ದಿನಾ ಎರಡೆರಡು ಕಟ್ಟು ಸುಮ್ಮನೆ ಕೊಡುವುದಿಲ್ಲ. ಬದಲಿಗೆ ಏನೋ ತೆಗೆದುಕೊಳ್ಳುತ್ತಾರೆ. ನನ್ನ ಸೊಸೆಯ ಹತ್ತಿರ ಅವರಿಗೆ ಬೇಕಾದದ್ದು ಏನಿದೆ? ಬಹಳ ಯೋಚಿಸಿದೆ. ಒಂದೇ ಉತ್ತರ ಬಂತು: ನನ್ನ ಸುದ್ದಿ. ಮನೆಯೊಳಗಿನ ಮಾತನ್ನು ಪಡಸಾಲೆಯಲ್ಲಿ ಹಂಚುತ್ತಿದ್ದಾಳೆ, ಅವರು ಕೇಳಿ ನಕ್ಕು ಕಟ್ಟು ಕೊಡುತ್ತಿದ್ದಾರೆ. ನನ್ನ ಬಗ್ಗೆ ಹೇಳಲು ಅಷ್ಟೊಂದು ಏನಿದೆ ಎಂದು ಒಂದು ಕ್ಷಣ ಅನ್ನಿಸಿತು. ಆದರೂ ದಿನಕ್ಕೆ ಹತ್ತು ಕಟ್ಟಿನಷ್ಟು ಬೆಲೆ ನನ್ನ ಸುದ್ದಿಗಿದೆ ಎಂದುಕೊಂಡಾಗ ಸಿಟ್ಟಿನ ಜೊತೆ ಸ್ವಲ್ಪ ಜಂಬವೂ ಬಂತು.

ಮಾರನೆಯ ಮಧ್ಯಾಹ್ನ ಹಿತ್ತಲ ಬಾಗಿಲಿನಿಂದ ಅಕ್ಕನ ಮನೆ ಹೊಕ್ಕೆ. ಅಡಿಗೆಮನೆ ದಾಟಿ ಪಡಸಾಲೆಯ ಬಾಗಿಲ ಹಿಂದೆ ನಿಂತೆ. ಸೊಸೆಯ ದನಿ ಕೇಳುತ್ತಿತ್ತು. ಅರ್ಧ ಕನ್ನಡ, ಅರ್ಧ ಮರಾಠಿ. ಕೇಳಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ಮುದುಕಿ ಕೀಲಿಕೈ ಎಲ್ಲಿ ಇಟ್ಟಾಳ ಅಂತೀರಿ? ಜೋಳದ ಡಬ್ಬ್ಯಾಗ ಹುಗದಿಟ್ಟಾಳ. ಮಗಗೂ ಹೇಳಿಲ್ಲ. ಮನ್ಯಾಗ ಯಾರೂ ಇಲ್ಲದಾಗ ಟ್ರಂಕ ತಗದು, ಒಬ್ಬಾಕಿನ ಕುಂತು ಶೇಂಗಾ ಉಂಡಿ ತಿಂತಾಳ.”

ನನ್ನ ಟ್ರಂಕಿನ ಕೀಲಿಕೈ ಜೋಳದ ಡಬ್ಬಿಯಲ್ಲಿತ್ತು. ಟ್ರಂಕಿನಲ್ಲಿ ಶೇಂಗಾ ಉಂಡಿ ಇದ್ದವು. ಡಾಕ್ಟರರು ಸಿಹಿ ಬೇಡ ಎಂದಿದ್ದರು, ಮಗ ಅದನ್ನು ಹಿಡಿದು ಕಾಡುತ್ತಿದ್ದ, ಹಾಗಾಗಿ. ಇನ್ನು ತಡೆಯಲಾಗಲಿಲ್ಲ. ಬಾಗಿಲು ತಳ್ಳಿ ಒಳಗೆ ಬಂದೆ.

“ಯಾವ ಮುದುಕಿ ಬೇ ಆಕಿ?”

ಐದು ಜನರೂ ಒಮ್ಮೆಗೇ ತಲೆ ತಗ್ಗಿಸಿ ಎಲೆ ಕತ್ತರಿಸತೊಡಗಿದರು. ಎಡಗೈಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆದರಿದ್ದಾರೆ ಎಂದುಕೊಂಡೆ. ಸೊಸೆ ಎದ್ದು ನಿಂತಳು. ಅವಳ ತೊಡೆಯ ಮೇಲೆ ಮೊರ ಇರಲಿಲ್ಲ. ಕೈಯಲ್ಲಿ ಅಂಗೈಯಗಲದ ಒಂದು ಪುಸ್ತಕವಿತ್ತು.

“ಸಾವ್ಕಾರನ ಅವ್ವರಿ ಅತ್ತಿ,” ಎಂದಳು. “ಪುಸ್ತಕದಾಗ ಐತ್ರಿ, ನೋಡ್ರಿ.”

ಪುಸ್ತಕವನ್ನು ನನ್ನ ಮುಖದ ಮುಂದೆ ಹಿಡಿದು ಒಂದು ಸಾಲಿನ ಮೇಲೆ ಬೆರಳಿಟ್ಟಳು. ನನಗೆ ಆಗ ಕನ್ನಡಕವಿರಲಿಲ್ಲ, ಕಣ್ಣಿಗೆ ಪೊರೆ ಬರುತ್ತಿತ್ತು. ಇರುವೆ ಸಾಲು ಹೋದ ಹಾಗೆ ಕಂಡಿತು. ಆದರೂ ಅಚ್ಚಾದದ್ದು ಅಚ್ಚಾದದ್ದೇ. ಇರಬಹುದು, ಮುದುಕಿಯರೆಲ್ಲ ಎಲ್ಲ ಊರಿನಲ್ಲೂ ಒಂದೇ ಎಂದುಕೊಂಡೆ.

ಸಂಗತಿ ಆಗ ಹೊರಬಿತ್ತು. ಮದುವೆಯಾಗಿ ಬರುವಾಗ ಅವಳು ಸೀರೆಗಳ ಕೆಳಗೆ ಈ ಪುಸ್ತಕಗಳನ್ನು ಇಟ್ಟುಕೊಂಡು ಬಂದಿದ್ದಳು. ಅವಳ ಅಣ್ಣ ಅಥಣಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ ಕೊಂಡು ಕಳಿಸುತ್ತಿದ್ದ. ಒಂದು ದಿನ ಪಡಸಾಲೆಯಲ್ಲಿ ಕಥೆ ಹೇಳಿದಳಂತೆ. ಮಾರನೆಯ ದಿನ ಮುಂದೇನಾಯಿತು ಎಂದು ಐವರೂ ಗಂಟುಬಿದ್ದರು. ಓದುತ್ತ ಕೂತರೆ ಬೀಡಿ ಕಟ್ಟುವವರು ಯಾರು, ಅತ್ತೆ ಕೊಲ್ಲುತ್ತಾಳೆ ಎಂದಳು. ಆಗ ಎದುರು ಮನೆಯ ಅಕ್ಕ ದಾರಿ ಹುಡುಕಿದಳು. ಎರಡು ತಾಸು ಓದಬೇಕು, ಕೇಳಿದವರು ತಲಾ ಎರಡು ಕಟ್ಟು ಅವಳ ಬುಟ್ಟಿಗೆ ಹಾಕಬೇಕು. ಓದಿನಲ್ಲಿ ತೂಕಡಿಸಿದವರು ಮೂರು.

ಮೋಸ ಮಾಡಿದ್ದು ನನಗೆ ಎಂದು ಕೂಗಾಡಿದೆ. ಯಾವ ಮೋಸ, ನಿನ್ನ ಬುಟ್ಟಿ ತುಂಬಿತಲ್ಲ ಎಂದಳು ಅಕ್ಕ. ಅದಕ್ಕೆ ನಾನು ಇನ್ನೂ ಜೋರಾಗಿ ಕೂಗಾಡಿದೆ. ಕಾರ್ಖಾನೆಯಲ್ಲಿ ನಾನು ಕೊಚ್ಚಿಕೊಂಡದ್ದನ್ನು ಇವರು ಐವರೂ ಗೊತ್ತಿದ್ದೇ ಕೇಳಿಸಿಕೊಂಡಿದ್ದರು. ನನಗೆ ಉರಿದದ್ದು ಅದು.

“ನಾಳಿಂದ ಇಲ್ಲಿಗೆ ಬರೂದು ಬ್ಯಾಡ. ನನ್ನ ಮುಂದ ಕುಂತು ಕಟ್ಟು,” ಎಂದೆ.

“ಆತ್ರಿ ಅತ್ತಿ,” ಎಂದಳು ಸೊಸೆ. ಆದರೆ ಹೆಜ್ಜೆ ಎತ್ತಲಿಲ್ಲ. “ಇವತ್ತಿಂದು ಇನ್ನ ಏಳ ಹಾಳಿ ಅದಾವ್ರಿ. ಅಷ್ಟ ಓದಿ ಬರ್ತೀನ್ರಿ.”

ಅಕ್ಕ ತನ್ನ ಪಕ್ಕದ ಚಾಪೆಯ ಮೇಲಿನ ಎಲೆಯ ಚೂರುಗಳನ್ನು ಸರಿಸಿದಳು. “ಬೈಯಾಕರ ಕುಂತು ಬೈ. ನಿಂತು ಬೈದ್ರ ನಿನ್ನ ಮೊಣಕಾಲ ನೋಯ್ತಾವ.”

ಏಳು ಹಾಳೆಯ ಮೇಲೆ ಎಂಟನೆಯದು ಓದದಿರಲಿ ಎಂದು ನೋಡಲಷ್ಟೇ ಕೂತೆ. ಸಾಹುಕಾರನ ಮನೆಯಲ್ಲಿ ಬೆಳ್ಳಿ ತಂಬಿಗೆ ಕಳೆದಿತ್ತು. ಕಪಾಟಿನ ಕೀಲಿಕೈ ಇದ್ದದ್ದು ಸಾಹುಕಾರನ ತಾಯಿಯ ಹತ್ತಿರ. ಊರೆಲ್ಲ ಮುದುಕಿಯ ಮೇಲೆ ಅನುಮಾನ ಪಡುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಜೋಳದಲ್ಲಿ ಕೀಲಿಕೈ ಇಟ್ಟ ಮಾತ್ರಕ್ಕೆ ಕಳ್ಳಿಯಾಗುತ್ತಾಳೆಯೇ? ಮನೆಯಲ್ಲಿ ನಂಬಿಕೆಯ ಜನ ಇಲ್ಲದಿದ್ದರೆ ಪಾಪ ಎಲ್ಲಿಡಬೇಕು? ಕದ್ದವಳು ಸಾಹುಕಾರನ ಸೊಸೆ, ಜೋಳ ಬೀಸಲು ಕೊಡುವವಳು ಅವಳೇ ತಾನೇ, ಡಬ್ಬಿಯಲ್ಲಿ ಕೈ ಹಾಕುವವಳೂ ಅವಳೇ ಎಂದು ಅಲ್ಲೇ ತೀರ್ಪು ಕೊಟ್ಟೆ. ಎಡಗೈಯವಳು ಎದ್ದು ನೀರು ಕುಡಿಯಲು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಏಳನೆಯ ಹಾಳೆಯಲ್ಲಿ ಖಾನಾವಳಿಯ ಹೆಂಗಸು ತಂಬಿಗೆ ಸಿಕ್ಕಿತು ಎಂದಳು, ಯಾರ ಹತ್ತಿರ ಎನ್ನಲಿಲ್ಲ. ಸೊಸೆ ಪುಸ್ತಕ ಮುಚ್ಚಿದಳು. ನಾವು ಮನೆಗೆ ಬಂದೆವು.

ಮೂರು ದಿನ ಅವಳು ನನ್ನ ಮುಂದೆ ಕೂತು ಬೀಡಿ ಕಟ್ಟಿದಳು. ಅತ್ತಿದ್ದರೆ ಬೈಯಬಹುದಿತ್ತು, ಎದುರು ಮಾತಾಡಿದ್ದರೆ ಇನ್ನೂ ಒಳ್ಳೆಯದಿತ್ತು. ಎರಡೂ ಮಾಡಲಿಲ್ಲ. ಕೇಳಿದ್ದಕ್ಕೆ ಹೌದ್ರಿ, ಇಲ್ರಿ. ಮುಖ ಮಾತ್ರ ಎಣ್ಣೆ ತೀರಿದ ದೀಪದ ಹಾಗೆ ಆಗಿತ್ತು. ಬೆಳಿಗ್ಗೆಯಿಂದ ಮನೆಗೆಲಸ, ಆಮೇಲೆ ಬೀಡಿ, ಮತ್ತೆ ಮನೆಗೆಲಸ. ನಡುವೆ ಅವಳದು ಎಂದು ಇದ್ದದ್ದು ಆ ಎರಡು ತಾಸು. ಅದನ್ನು ನಾನು ಕಿತ್ತುಕೊಂಡಿದ್ದೆ. ನನಗೆ ಅದು ಗೊತ್ತಿತ್ತು. ನನಗೂ ಮೂರನೆಯ ಇಯತ್ತೆಯಲ್ಲಿ ಪಾಟಿ ಕಿತ್ತುಕೊಂಡು ಮೊರ ಕೊಟ್ಟಿದ್ದರು, ನಾನೇನು ಸತ್ತೆನೇ ಎಂದು ಮನಸ್ಸಿನಲ್ಲೇ ವಾದ ಮಾಡಿದೆ. ವಾದದಲ್ಲಿ ಗೆದ್ದೆ. ಆದರೂ ಕಟ್ಟುವಾಗ ಕೈ ನಿಲ್ಲುತ್ತಿತ್ತು. ಕಾರಣ ಸೊಸೆಯ ಮುಖವಷ್ಟೇ ಎಂದರೆ ಸುಳ್ಳಾಗುತ್ತದೆ. ಆ ತಂಬಿಗೆ ನನ್ನನ್ನು ತಿನ್ನುತ್ತಿತ್ತು. ಎದುರಿನ ಪಡಸಾಲೆಯಲ್ಲಿ ಐವರೂ ಕೂತು ನಮ್ಮ ಬಾಗಿಲನ್ನೇ ನೋಡುತ್ತಿದ್ದದ್ದು ಬೇರೆ.

ಮೂರನೆಯ ದಿನ ಮಧ್ಯಾಹ್ನ ಕೇಳಿಯೇ ಬಿಟ್ಟೆ.

“ಆ ತಂಬಿಗಿ ಯಾರ ಒಯ್ದಿದ್ರು?”

ಅವಳು ತಲೆ ಎತ್ತಲಿಲ್ಲ. ಒಂದು ಗಜ್ಜರಿಗೆ ದಾರ ಸುತ್ತುತ್ತಿದ್ದಳು. “ಅದನ್ನ ಓದೇ ಹೇಳಬೇಕ್ರಿ ಅತ್ತಿ. ಈಗ ಕೈ ಖಾಲಿ ಇಲ್ಲ, ಬೀಡಿ ಕಟ್ಟಾಕತ್ತೀನಿ.”

ಮಂಗಸೂಳಿಯವರನ್ನು ಮೆತ್ತಗಿನವರು ಎಂದು ನನಗೆ ಹೇಳಿದವರು ಯಾರೋ ನೆನಪಿಲ್ಲ. ಸಿಕ್ಕರೆ ಎರಡು ಮಾತು ಕೇಳಬೇಕು. ನಾನು ಎದ್ದು ಮೊರ ಎತ್ತಿಕೊಂಡೆ, ಪುಸ್ತಕ ತೊಗೊ ಎಂದೆ. ಸೀರೆಗಳ ಕೆಳಗಿನಿಂದ ತೆಗೆಯಬೇಕಾದದ್ದು ಆಗಲೇ ಅವಳ ಪಕ್ಕದಲ್ಲಿ, ಎಲೆ ಸುತ್ತಿದ ಬಟ್ಟೆಯ ಕೆಳಗೆ ಇತ್ತು. ಅದನ್ನೂ ನಾನು ಹಿಡಿದಿರಲಿಲ್ಲ.

ಪಡಸಾಲೆಗೆ ಹೋಗಿ ಕೂತೆವು. ಎಲ್ಲರೂ ಸರಿದು ಜಾಗ ಮಾಡಿದರು. ಬೇರೆಯವರ ಹಾಗೆ ನಾನೂ ಎರಡು ಕಟ್ಟು ತೆಗೆದು ಸೊಸೆಯ ಬುಟ್ಟಿಗೆ ಹಾಕಿದೆ. ಎದುರು ಮನೆಯ ಅಕ್ಕ ಸುಮ್ಮನೆ ಕೈ ಚಾಚಿ ಅವನ್ನು ಎತ್ತಿಕೊಂಡಳು. ಹೆಬ್ಬೆರಳಿನಿಂದ ಒತ್ತಿದಳು. ಒಂದನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ನನ್ನ ಮೊರಕ್ಕೆ ತಿರುಗಿ ಎಸೆದಳು.

“ಇದು ಛಾಟ. ಛಲೋದು ನೋಡಿ ಕೊಡು.”

ಬೆಳಿಗ್ಗೆ ಮೊದಲು ಕಟ್ಟಿದ ಕಟ್ಟು ಅದು, ಸಡಿಲವಾಗಿತ್ತು, ಬೇಕೆಂದೇ ಆರಿಸಿ ಕೊಟ್ಟಿದ್ದೆ. ಬೀಡಿಯವರ ನಡುವೆ ಬೀಡಿಯ ಮೋಸ ನಡೆಯುವುದಿಲ್ಲ ಎನ್ನುವುದು ಆ ವಾರದಲ್ಲಿ ಎರಡನೆಯ ಸಲ ಸಾಬೀತಾಯಿತು. ಬೇರೆ ಕಟ್ಟು ಕೊಟ್ಟೆ.

ಕದ್ದವನು ಡಾಕ್ಟರನಂತೆ. ಮುದುಕಿಯ ನಾಡಿ ನೋಡಲು ಬರುತ್ತಿದ್ದವನು. ನಾನು ಒಪ್ಪಲಿಲ್ಲ. ಬೆಳ್ಳಿ ತಂಬಿಗೆಗೆ ಡಾಕ್ಟರ್ ಯಾಕೆ ಕೈ ಹಾಕುತ್ತಾನೆ? ಸೊಸೆಯೇ ಕದ್ದದ್ದು, ಬರೆದವರಿಗೆ ತಿಳಿದಿಲ್ಲ ಎಂದೆ. ಈಗಲೂ ಹಾಗೆಯೇ ಅನ್ನುತ್ತೇನೆ.

ಹಾಗೆ ಏಳೆಂಟು ವರ್ಷ ನಡೆಯಿತು. ಆಮೇಲೆ ನನ್ನ ಬೆರಳು ಬಿಗಿದುಕೊಂಡವು, ಬೀಡಿ ಬಿಟ್ಟೆ. ಕಣ್ಣಿನ ಪೊರೆ ತೆಗೆಸಿದರು, ಕನ್ನಡಕ ಬಂತು. ಕೆಲಸವಿಲ್ಲದ ಕೈಗೆ ಸೊಸೆ ಅದೇ ಹಳೆಯ ಪುಸ್ತಕಗಳನ್ನು ಕೊಟ್ಟಳು. ಮೂರನೆಯ ಇಯತ್ತೆಯ ಅಕ್ಷರ ಇನ್ನೂ ಒಳಗೆ ಇದ್ದವು. ಮೊದಲು ಒಂದು ಹಾಳೆಗೆ ಒಂದು ಮಧ್ಯಾಹ್ನ ಬೇಕಾಗುತ್ತಿತ್ತು. ಬೆರಳಿಟ್ಟು, ತುಟಿ ಆಡಿಸಿ, ಕೂಡಿಸಿ ಕೂಡಿಸಿ ಓದಿದೆ. ಈಗ ಬೆರಳು ಬೇಡ, ತುಟಿ ಮಾತ್ರ ಆಡುತ್ತದೆ.

ಕಳೆದ ತಿಂಗಳು ಆ ತಂಬಿಗೆಯ ಪುಸ್ತಕ ಕೈಗೆ ಬಂತು. ಹದಿನೇಳನೆಯದು. ಹಳೆಯ ಪರಿಚಯದವರು ಸಿಕ್ಕ ಹಾಗಾಯಿತು. ಸಾಹುಕಾರನ ತಾಯಿ ಬರುವ ಜಾಗಕ್ಕೆ ಬಂದೆ. ಕೀಲಿಕೈ ಗೋಡೆ ಗಡಿಯಾರದ ಹಿಂದೆ ಇತ್ತು. ಮುಂದೆ ಓದಿದೆ, ಹಿಂದೆ ಓದಿದೆ. ಜೋಳದ ಡಬ್ಬಿ ಎಲ್ಲೂ ಇಲ್ಲ. ಆ ಊರಿನಲ್ಲಿ ಜೋಳವನ್ನೇ ಉಣ್ಣುವುದಿಲ್ಲ, ಎಲ್ಲರೂ ಅನ್ನದವರು. ಮುದುಕಿಗೆ ಬಾಯಲ್ಲಿ ಒಂದೂ ಹಲ್ಲಿಲ್ಲ, ಗಂಜಿಯ ಮೇಲೆ ಇದ್ದಾಳೆ. ಹಲ್ಲಿಲ್ಲದವಳು ಶೇಂಗಾ ಉಂಡಿ ಹೇಗೆ ತಿಂದಾಳು?

ಪುಸ್ತಕ ಮುಚ್ಚಿಟ್ಟೆ. ನಾನು ಬಾಗಿಲ ಹಿಂದೆ ನಿಂತಾಗ ಅಂದುಕೊಂಡದ್ದೇ ನಿಜವಾಗಿತ್ತು, ಆ ಮುದುಕಿ ನಾನೇ. ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ್ದಳಲ್ಲ, ಕನ್ನಡಕವಿಲ್ಲದ ಕಣ್ಣಿಗೆ.

ಸೊಸೆ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೋಗಿ ಪುಸ್ತಕ ತೆರೆದು ಹಿಡಿದೆ, ಗಡಿಯಾರದ ಸಾಲಿನ ಮೇಲೆ ನಾನೂ ಬೆರಳಿಟ್ಟೆ. ಅವಳು ಓದಿದಳು. ಬಡಿಯುವುದು ನಿಂತಿತು. ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು, ಮೇಲೆ ನೀರು ಸವರಿದಳು, ಆಮೇಲೆ ಹೇಳಿದಳು:

“ನಿಮ್ಮನ್ನ ಕಳ್ಳಿ ಮಾಡಿರಲಿಲ್ರಿ ಅತ್ತಿ. ಬರೇ ಅನುಮಾನಕ್ಕ ಇಟ್ಟಿದ್ದೆ.”

ಅವತ್ತು ಎಡಗೈಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಹೆದರಿಕೆಯಿಂದಲ್ಲ. ಅದು ನನಗೆ ತಿಳಿಯಲು ಇಷ್ಟು ವರ್ಷ ಮತ್ತು ಹದಿನೇಳು ಪುಸ್ತಕ ಬೇಕಾದವು. ನಾನು ತಿರುಗಿ ಬಂದು ಜೋಳದ ಡಬ್ಬಿಯಿಂದ ಕೀಲಿಕೈ ತೆಗೆದು ಬೇರೆ ಕಡೆ ಇಟ್ಟೆ. ಎಲ್ಲಿ ಎಂದು ಇಲ್ಲಿ ಬರೆಯುವುದಿಲ್ಲ. ಅವಳು ಇದನ್ನೂ ಓದುತ್ತಾಳೆ.